ಧ್ರುವ ಪ್ರದೇಶದ ಸಂಶೋಧನಾ ಕೇಂದ್ರದಲ್ಲಿ ಗಾಳಿಯನ್ನು ಅಳೆಯುವುದು ಹೇಗೆ: ಮೈಸೂರಿನ ತಾರಸಿಯಿಂದ ಆರಂಭವಾಗುವ ಒಂದು ಸಮಗ್ರ ಮಾರ್ಗದರ್ಶಿ

ಸರಸ್ವತೀಪುರಂನ ನಮ್ಮ ಮನೆಯ ತಾರಸಿಯ ಮೇಲೆ ಗಾಳಿಯಲ್ಲಿನ ಮಸಿಯನ್ನು ಅಳೆಯುವ ಉಪಕರಣವನ್ನು ಇಟ್ಟ ಮೊದಲ ವಾರದಲ್ಲಿ, ದಿನವೂ ಬೆಳಗ್ಗೆ ಆರೂವರೆಯ ಹೊತ್ತಿಗೆ ಪರದೆಯ ಮೇಲಿನ ಗೆರೆ ನೆಟ್ಟಗೆ ಮೇಲೇರುತ್ತಿತ್ತು. ಏಳೂಕಾಲರ ಹೊತ್ತಿಗೆ ತಾನಾಗಿ ಇಳಿಯುತ್ತಿತ್ತು. ರಸ್ತೆಯ ವಾಹನಗಳ ಹೊಗೆ ಇರಬೇಕೆಂದು ಮೊದಲು ಎಣಿಸಿದ್ದೆ. ಭಾನುವಾರವೂ ಗೆರೆ ಹಾಗೆಯೇ ಎದ್ದಾಗ ತಾರಸಿಯ ಅಂಚಿಗೆ ಹೋಗಿ ಬಗ್ಗಿ ನೋಡಿದೆ. ಹಿಂದಿನ ಮನೆಯವರು ಹಂಡೆಯ ಒಲೆಗೆ ತೆಂಗಿನ ಎಡಮಟ್ಟೆ, ಕರಟ ತುಂಬಿ ಸ್ನಾನದ ನೀರು ಕಾಯಿಸುತ್ತಿದ್ದರು, ಹೊಗೆ ನಮ್ಮ ಗೋಡೆಯನ್ನು ಸವರಿಕೊಂಡು ನೇರವಾಗಿ ಉಪಕರಣದ ಬಾಯಿಗೆ ಬರುತ್ತಿತ್ತು. ಆ ಮುಕ್ಕಾಲು ಗಂಟೆಯ ಅಂಕಿಗಳೆಲ್ಲ ಆ ಒಂದು ಒಲೆಗೆ ಸೇರಿದವು. ಊರಿನ ಗಾಳಿಯ ಬಗ್ಗೆ ಅವು ಏನನ್ನೂ ಹೇಳುತ್ತಿರಲಿಲ್ಲ.

ಧ್ರುವ ಪ್ರದೇಶದಲ್ಲಿ ಈ ತೊಂದರೆ ಹಲವು ಪಟ್ಟು ಹೆಚ್ಚುತ್ತದೆ. ನಮ್ಮ ಊರುಗಳ ಗಾಳಿಯಲ್ಲಿ ಒಂದು ಘನಮೀಟರಿಗೆ ಸಾವಿರಾರು ನ್ಯಾನೋಗ್ರಾಂ ಕಪ್ಪು ಇಂಗಾಲ, ಅಂದರೆ ಮಸಿ, ಇರುವುದು ಸಾಮಾನ್ಯ. ಅಂಟಾರ್ಕ್ಟಿಕದ ಶುದ್ಧ ಗಾಳಿಯಲ್ಲಿ ಅದು ಕೆಲವೇ ನ್ಯಾನೋಗ್ರಾಂನಿಂದ ಕೆಲವು ಹತ್ತುಗಳವರೆಗೆ ಇರುತ್ತದೆ. ಅಂಥ ಗಾಳಿಯಲ್ಲಿ ಸುತ್ತಮುತ್ತ ಹೊಗೆ ಉಗುಳುವುದು ಬಹುಪಾಲು ನಮ್ಮ ಸಂಶೋಧನಾ ಕೇಂದ್ರವೇ: ಅದರ ಡೀಸೆಲ್ ಜನರೇಟರ್, ಹಿಮವಾಹನ, ಅಡುಗೆಮನೆ. ಆದ್ದರಿಂದ ಧ್ರುವದಲ್ಲಿ ಗಾಳಿ ಅಳೆಯುವ ಕೆಲಸದ ಮುಕ್ಕಾಲು ಪಾಲು ನಮ್ಮದೇ ಹೊಗೆಯನ್ನು ಗುರುತಿಸಿ ಬೇರ್ಪಡಿಸುವುದರಲ್ಲಿ ಕಳೆಯುತ್ತದೆ. ಉಪಕರಣ ಎಷ್ಟೇ ಬೆಲೆಬಾಳಲಿ, ಈ ಬೇರ್ಪಡಿಸುವಿಕೆ ಸರಿಯಾಗದಿದ್ದರೆ ವರ್ಷದ ಅಳತೆ ಉಪಯೋಗಕ್ಕೆ ಬಾರದು. ಗಾಳಿ ಅಳೆಯುವ ಉಪಕರಣಗಳನ್ನು ಜೋಡಿಸಿ, ಪರೀಕ್ಷಿಸಿ, ಬೇರೆಯವರಿಗೆ ಕಲಿಸುವುದು ನನ್ನ ಕೆಲಸ. ಮೈಸೂರು, ಮಂಡ್ಯದ ಕಾಲೇಜುಗಳಿಂದ ಹೊರಟು ಮುಂದೊಂದು ದಿನ ಭಾರತದ ಧ್ರುವ ಕೇಂದ್ರಗಳಾದ, ಅಂಟಾರ್ಕ್ಟಿಕದ ಮೈತ್ರಿಯಲ್ಲೋ ಭಾರತಿಯಲ್ಲೋ ಆರ್ಕ್ಟಿಕದ ಹಿಮಾದ್ರಿಯಲ್ಲೋ ಕೆಲಸ ಮಾಡಬೇಕೆಂದಿರುವ ವಿದ್ಯಾರ್ಥಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

ಹಂತ 1: ಏನನ್ನು, ಏತಕ್ಕೆ ಅಳೆಯುತ್ತೇವೆ ಎಂಬುದನ್ನು ಬರೆದಿಡುವುದು

ನಗರದಲ್ಲಿ ಗಾಳಿ ಅಳೆಯುವುದು ಜನರ ಆರೋಗ್ಯಕ್ಕಾಗಿ. ಪಿಎಂ 2.5, ಅಂದರೆ 2.5 ಮೈಕ್ರೋಮೀಟರಿಗಿಂತ ಸಣ್ಣ ಕಣಗಳಿಗೆ ನಮ್ಮ ದೇಶದ ವಾರ್ಷಿಕ ಮಿತಿ ಘನಮೀಟರಿಗೆ 40 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ್ದು 5 ಮೈಕ್ರೋಗ್ರಾಂ. ಮಿತಿ ಮೀರಿತೇ ಇಲ್ಲವೇ ಎಂಬುದೇ ಅಲ್ಲಿನ ಪ್ರಶ್ನೆ. ಧ್ರುವದ ಹೊರಗಾಳಿಯ ವಿಷಯದಲ್ಲಿ ಆ ಪ್ರಶ್ನೆ ಹೆಚ್ಚು ಅರ್ಥ ಕೊಡುವುದಿಲ್ಲ. ಭೂಮಿಯ ಗಾಳಿ ಒಟ್ಟಾರೆಯಾಗಿ ಹೇಗೆ ಬದಲಾಗುತ್ತಿದೆ, ದೂರದ ಖಂಡಗಳ ಹೊಗೆ ಮತ್ತು ಧೂಳು ಎಲ್ಲಿಯವರೆಗೆ ತಲುಪುತ್ತಿವೆ ಎಂಬುದನ್ನು ಅಲ್ಲಿಂದ ನೋಡುತ್ತೇವೆ. ದಕ್ಷಿಣ ಧ್ರುವದಲ್ಲಿ ಇಂಗಾಲದ ಡೈಆಕ್ಸೈಡನ್ನು ಅಳೆಯಲಾರಂಭಿಸಿದ್ದು 1957ರಲ್ಲಿ. ಓಝೋನ್ ರಂಧ್ರದ ಸುದ್ದಿ 1985ರಲ್ಲಿ ಹೊರಬಿದ್ದದ್ದು ಹ್ಯಾಲಿ ಎಂಬ ಬ್ರಿಟಿಷ್ ಕೇಂದ್ರದಲ್ಲಿ ವರ್ಷಾನುಗಟ್ಟಲೆ ಬಿಡದೆ ಮಾಡಿದ ಅಳತೆಗಳಿಂದ. ನೀವು ಇಂದು ಬರೆದಿಡುವ ಅಂಕಿಯನ್ನು ಇಪ್ಪತ್ತು ವರ್ಷಗಳ ನಂತರ ಇನ್ನೊಬ್ಬರು ಇನ್ನೊಂದು ಅಂಕಿಯ ಪಕ್ಕದಲ್ಲಿಟ್ಟು ನೋಡುತ್ತಾರೆ.

ಆದ್ದರಿಂದ ಪೆಟ್ಟಿಗೆ ಕಟ್ಟುವ ಮೊದಲು ಒಂದು ಪುಟದಲ್ಲಿ ಮೂರು ಸಂಗತಿಗಳನ್ನು ಬರೆಯಿರಿ: ಯಾವ ವಸ್ತುವನ್ನು ಅಳೆಯುತ್ತೇವೆ, ಅಲ್ಲಿನ ಗಾಳಿಯಲ್ಲಿ ಅದು ಎಷ್ಟಿರಬಹುದು, ನಮ್ಮ ಉಪಕರಣ ಎಷ್ಟು ಸಣ್ಣ ಪ್ರಮಾಣವನ್ನು ನಂಬಿಕೆಯಿಂದ ಹೇಳಬಲ್ಲದು. ಎರಡನೆಯ ಅಂಕಿಗಿಂತ ಮೂರನೆಯದು ದೊಡ್ಡದಾಗಿದ್ದರೆ ಆ ಉಪಕರಣವನ್ನು ಒಯ್ಯಬೇಡಿ. ಆನ್‌ಲೈನಿನಲ್ಲಿ ಕೆಲವು ಸಾವಿರ ರೂಪಾಯಿಗೆ ಸಿಗುವ ಲೇಸರ್ ಸೆನ್ಸರುಗಳು ಧ್ರುವದ ಹೊರಗಾಳಿಗೆ ಒದಗುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಸುಮಾರು 300 ನ್ಯಾನೋಮೀಟರಿಗಿಂತ ಸಣ್ಣ ಕಣಗಳು ಅವುಗಳ ಕಣ್ಣಿಗೆ ಬೀಳುವುದಿಲ್ಲ, ಸಮುದ್ರದ ಉಪ್ಪನ್ನೂ ಗಾಳಿಗೆ ಹಾರುವ ಹಿಮದ ಪುಡಿಯನ್ನೂ ಅವು ಮಾಲಿನ್ಯವೆಂದೇ ಎಣಿಸುತ್ತವೆ. ಕಟ್ಟಡದ ಒಳಗಿನ ಗಾಳಿಗೆ ಅವು ಸಾಕು. ಆ ವಿಷಯಕ್ಕೆ ಮುಂದೆ ಬರುತ್ತೇನೆ.

ಮೊದಲ ಬಾರಿಗೆ ಕೇಂದ್ರ ಕಟ್ಟುವವರಿಗೆ ನಾನು ಸೂಚಿಸುವ ಕನಿಷ್ಠ ಜೋಡಣೆಯಲ್ಲಿ ಇರುವುದು ಇಷ್ಟು: ಕಣಗಳ ಒಟ್ಟು ಸಂಖ್ಯೆಯನ್ನು ಎಣಿಸುವ ಯಂತ್ರ, ಕಪ್ಪು ಇಂಗಾಲಕ್ಕೆ ಏಥಲೋಮೀಟರ್, ನೆಲಮಟ್ಟದ ಓಝೋನ್ ಮಾಪಕ, ವಾರಕ್ಕೊಮ್ಮೆ ಬದಲಿಸುವ ಫಿಲ್ಟರ್ ಸಂಗ್ರಾಹಕ ಮತ್ತು ಇವೆಲ್ಲಕ್ಕಿಂತ ಮುಖ್ಯವಾಗಿ, ಗಾಳಿಯ ದಿಕ್ಕು ಮತ್ತು ವೇಗವನ್ನು ಹೇಳುವ ಒಳ್ಳೆಯ ಮಾಪಕ. ಹಣ ಕಡಿಮೆಯಾದರೆ ಓಝೋನನ್ನು ಕೈಬಿಡಿ, ಗಾಳಿ ದಿಕ್ಕಿನ ಮಾಪಕವನ್ನು ಬಿಡಬೇಡಿ.

ಹಂತ 2: ಅನುಮತಿ ಮತ್ತು ಸಾಮಾನಿನ ಪಟ್ಟಿ

ಭಾರತದ ಧ್ರುವ ಯಾತ್ರೆಗಳನ್ನು ನಡೆಸುವುದು ಗೋವಾದಲ್ಲಿರುವ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ. 1991ರಲ್ಲಿ ಸಹಿಯಾದ ಮ್ಯಾಡ್ರಿಡ್ ಒಪ್ಪಂದದ ಪ್ರಕಾರ ಅಂಟಾರ್ಕ್ಟಿಕದಲ್ಲಿ ಮಾಡುವ ಪ್ರತಿಯೊಂದು ಕೆಲಸಕ್ಕೂ ಪರಿಸರದ ಮೇಲಾಗುವ ಪರಿಣಾಮವನ್ನು ಮೊದಲೇ ಪರಿಶೀಲಿಸಬೇಕು. ನಮ್ಮಲ್ಲಿ 2022ರ ಭಾರತೀಯ ಅಂಟಾರ್ಕ್ಟಿಕ ಅಧಿನಿಯಮವೂ ಪರವಾನಗಿಯನ್ನು ಕಡ್ಡಾಯ ಮಾಡಿದೆ. ಕಣ ಎಣಿಸುವ ಯಂತ್ರಕ್ಕೆ ಬೇಕಾಗುವ ಬ್ಯೂಟನಾಲ್ ಬೆಂಕಿ ಹತ್ತುವ ದ್ರವ, ಕೆಲವು ಕಣಮಾಪಕಗಳ ಒಳಗೆ ವಿಕಿರಣಶೀಲ ವಸ್ತು ಇರುತ್ತದೆ. ಇವುಗಳ ಕಾಗದಪತ್ರಗಳಿಗೆ ತಿಂಗಳುಗಳು ಹಿಡಿಯುತ್ತವೆಯಾದ್ದರಿಂದ, ಸಾಧ್ಯವಿದ್ದರೆ ವಿಕಿರಣಶೀಲ ವಸ್ತುವಿಲ್ಲದ ಮಾದರಿಯನ್ನೇ ಆರಿಸುವುದು ಮೇಲು.

ಅಂಟಾರ್ಕ್ಟಿಕಕ್ಕೆ ಸಾಮಾನು ಬರುವುದು ವರ್ಷಕ್ಕೊಮ್ಮೆ, ಬೇಸಿಗೆಯಲ್ಲಿ. ಪಂಪಿನ ಡಯಾಫ್ರಾಂ, ಸೀಲು, ಫ್ಯೂಸು, ಏಥಲೋಮೀಟರಿನ ಫಿಲ್ಟರ್ ಟೇಪು, ಓಝೋನ್ ಮಾಪಕದ ದೀಪ ಇವುಗಳಲ್ಲಿ ಒಂದು ಕೆಲಸದಲ್ಲಿರುವುದು, ಒಂದು ಕೈಯಲ್ಲಿರುವುದು, ಇನ್ನೊಂದು ಪೆಟ್ಟಿಗೆಯಲ್ಲಿರುವುದು ಎಂಬ ಲೆಕ್ಕದಲ್ಲಿ ಮೂರು ಮೂರು ಒಯ್ಯಿರಿ. ಸಾಮಾನ್ಯ ಪಿವಿಸಿ ಹೊದಿಕೆಯ ವೈರು ಕಡುಚಳಿಯಲ್ಲಿ ಬಿರುಸಾಗಿ, ಬಗ್ಗಿಸಿದರೆ ಸೀಳುತ್ತದೆ. ಸಿಲಿಕೋನ್ ಹೊದಿಕೆಯದ್ದನ್ನು ಕೊಳ್ಳಿ. ಲಿಥಿಯಂ ಬ್ಯಾಟರಿಗಳನ್ನು ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಅವು ಒಳಗಿನಿಂದ ಹಾಳಾಗುವುದರಿಂದ ಅವುಗಳ ಜಾಗ ಬೆಚ್ಚಗಿನ ಕೋಣೆಯೇ.

ಹಂತ 3: ಊರಿನಲ್ಲೇ ತಾಲೀಮು

ಈ ಹಂತವನ್ನು ಬಿಟ್ಟು ಹೊರಟವರು ಅಲ್ಲಿ ಪಡುವ ಕಷ್ಟವನ್ನು ಕೇಳಿ ಬಲ್ಲೆ, ಆದ್ದರಿಂದ ಇದನ್ನು ವಿಸ್ತಾರವಾಗಿ ಹೇಳುತ್ತೇನೆ. ಇಡೀ ಜೋಡಣೆಯನ್ನು, ಅಲ್ಲಿ ಹೇಗೆ ನಿಲ್ಲಿಸುವಿರೋ ಹಾಗೆಯೇ, ಮೈಸೂರಿನ ತಾರಸಿಯ ಮೇಲೆ ಕನಿಷ್ಠ ಒಂದು ತಿಂಗಳು ಓಡಿಸಿ. ಒಬ್ಬರೇ ಎಲ್ಲವನ್ನೂ ಬಿಚ್ಚಿ ಕಟ್ಟಲು ಕಲಿಯಬೇಕು, ಏಕೆಂದರೆ ಚಳಿಗಾಲ ಕಳೆಯುವ ತಂಡದಲ್ಲಿ ಈ ಕೆಲಸಕ್ಕೆ ಬಹುಶಃ ನೀವೊಬ್ಬರೇ ಇರುತ್ತೀರಿ.

ನಂತರ ಮಂಡ್ಯದ ಕಡೆಗೆ ಹೋಗಿ. ಕಬ್ಬು ಅರೆಯುವ ಕಾಲದಲ್ಲಿ, ಗದ್ದೆಬಯಲಿನ ನಡುವಿನ ಒಂದು ಆಲೆಮನೆಯಿಂದ ಮುನ್ನೂರು ನಾನೂರು ಮೀಟರ್ ದೂರದಲ್ಲಿ ಉಪಕರಣವನ್ನು ನಿಲ್ಲಿಸಿ, ಗಾಳಿಯ ದಿಕ್ಕಿನ ಮಾಪಕವನ್ನು ಪಕ್ಕದಲ್ಲಿ ನೆಡಿ. ಕೊಪ್ಪರಿಗೆಯ ಕೆಳಗೆ ಕಬ್ಬಿನ ಸಿಪ್ಪೆಯ ಉರಿ ಎಬ್ಬಿಸಿದ್ದು ಎಷ್ಟು ಹೊತ್ತಿಗೆ, ಪಾಕ ಇಳಿಸಿದ್ದು ಎಷ್ಟು ಹೊತ್ತಿಗೆ ಎಂಬುದನ್ನು ಆಲೆಮನೆಯವರನ್ನೇ ಕೇಳಿ ಬರೆದುಕೊಳ್ಳಿ. ನಾವು ಹೀಗೆ ಮಾಡಿದ ದಿನ, ಗಾಳಿ ಆಲೆಮನೆಯ ಕಡೆಯಿಂದ ನಮ್ಮತ್ತ ತಿರುಗಿದ ನಿಮಿಷದಲ್ಲೇ ಕಣಗಳ ಎಣಿಕೆ ಹುಚ್ಚೆದ್ದು ಏರಿತು, ಗಾಳಿ ಪಕ್ಕಕ್ಕೆ ಸರಿದೊಡನೆ ಇಳಿಯಿತು. ಇಳಿಯಿತು ಎನ್ನುವುದಕ್ಕಿಂತ ಕಂಪಿಸುತ್ತ ಇಳಿಯಿತು ಎನ್ನಬೇಕು: ಹತ್ತಿರದ ಹೊಗೆಯ ಲಕ್ಷಣವೇ ಆ ಕಂಪನ. ದೂರದಿಂದ ಬಂದ ಹೊಗೆ ದಾರಿಯುದ್ದಕ್ಕೂ ಬೆರೆತು ಸಮವಾಗಿರುತ್ತದೆ. ಅದರ ಗೆರೆ ಗಂಟೆಗಳ ಲೆಕ್ಕದಲ್ಲಿ ನಿಧಾನವಾಗಿ ಏರಿಳಿಯುತ್ತದೆ. ಹತ್ತಿರದ್ದು ಬಿಡಿಬಿಡಿಯಾಗಿ ಬಂದು ಸೆಕೆಂಡುಗಳ ಲೆಕ್ಕದಲ್ಲಿ ಜಿಗಿಯುತ್ತದೆ. ಈ ವ್ಯತ್ಯಾಸವನ್ನು ಕಣ್ಣಿಗೆ ರೂಢಿ ಮಾಡಿಕೊಂಡವರಿಗೆ ಜನರೇಟರಿನ ಹೊಗೆಯನ್ನು ಗುರುತಿಸುವುದು ಕಷ್ಟವಾಗದು.

ಮೂರನೆಯ ತಾಲೀಮು ಚಳಿಯದ್ದು. ಐಸ್‌ಕ್ರೀಮನ್ನು ದಾಸ್ತಾನು ಮಾಡುವ ಶೀತಲ ಕೊಠಡಿಗಳು ಮೈಸೂರಿನಲ್ಲೂ ಇವೆ, ಅವುಗಳ ಒಳಗೆ ಸಾಮಾನ್ಯವಾಗಿ ಸೊನ್ನೆಗಿಂತ 18ರಿಂದ 20 ಡಿಗ್ರಿ ಕೆಳಗಿರುತ್ತದೆ. ಮಾಲೀಕರ ಒಪ್ಪಿಗೆ ಪಡೆದು ಒಂದು ಗಂಟೆ ಒಳಗೆ ನಿಂತು, ದಪ್ಪ ಕೈಗವಸು ಹಾಕಿಕೊಂಡೇ ಫಿಲ್ಟರ್ ಬದಲಿಸಿ, ಕೊಳವೆಯ ನಟ್ಟು ಬಿಗಿದು, ಲಾಗ್ ಪುಸ್ತಕದಲ್ಲಿ ಬರೆಯಿರಿ. ಬಾಲ್‌ಪೆನ್ನು ಬರೆಯುವುದಿಲ್ಲ, ಪೆನ್ಸಿಲು ಬರೆಯುತ್ತದೆ ಎಂಬುದು ಅಲ್ಲೇ ತಿಳಿಯುತ್ತದೆ. ಸಣ್ಣ ಸ್ಕ್ರೂಗಳಿರುವ ಮುಚ್ಚಳಗಳನ್ನೆಲ್ಲ ಬದಲಿಸಿ ರೆಕ್ಕೆನಟ್ಟುಗಳನ್ನು ಹಾಕಿಸುವ ತೀರ್ಮಾನವನ್ನೂ ಅಲ್ಲೇ ಮಾಡುವಿರಿ.

ಹಂತ 4: ಜಾಗ ಆರಿಸುವುದು

ನಿಯಮ ಒಂದೇ: ಗಾಳಿ ಬರುವ ಕಡೆಗೆ ಉಪಕರಣ, ಗಾಳಿ ಹೋಗುವ ಕಡೆಗೆ ಹೊಗೆ. ಧ್ರುವ ಪ್ರದೇಶದ ಅನುಕೂಲವೆಂದರೆ ಎತ್ತರದ ಹಿಮದಿಬ್ಬದಿಂದ ತಂಪಾದ, ಭಾರವಾದ ಗಾಳಿ ಇಳಿಜಾರಿನಗುಂಟ ಕೆಳಗೆ ಹರಿಯುವುದರಿಂದ ವರ್ಷದ ಹೆಚ್ಚಿನ ಕಾಲ ಗಾಳಿ ಬಹುಮಟ್ಟಿಗೆ ಒಂದೇ ದಿಕ್ಕಿನಿಂದ ಬೀಸುತ್ತದೆ. ಮೈತ್ರಿಯಲ್ಲಿ ಅದು ಆಗ್ನೇಯ. ಆದ್ದರಿಂದ ಅಲ್ಲಿ ಮಾಪನದ ಗುಡಿಸಲು ಕೇಂದ್ರದ ಆಗ್ನೇಯಕ್ಕಿರಬೇಕು, ಜನರೇಟರಿನ ಹೊಗೆ ವಾಯವ್ಯಕ್ಕೆ ಹರಿದುಹೋಗಬೇಕು.

ಬೇರೆ ದೇಶದವರು ಇದಕ್ಕೆ ಎಷ್ಟು ಬೆಲೆ ಕೊಡುತ್ತಾರೆಂಬುದನ್ನು ನೋಡಿ ಕಲಿಯಬಹುದು. ದಕ್ಷಿಣ ಧ್ರುವದ ಅಮೆರಿಕದ ಕೇಂದ್ರದಲ್ಲಿ ಗಾಳಿ ಬರುವ ಕಡೆಯ ಬಯಲನ್ನು ಶುದ್ಧಗಾಳಿಯ ವಲಯವೆಂದು ಗುರುತಿಸಿ ಅಲ್ಲಿಗೆ ವಾಹನ ಹೋಗುವುದನ್ನು ನಿರ್ಬಂಧಿಸಿದ್ದಾರೆ. ಜರ್ಮನಿಯ ನಾಯ್ಮಾಯರ್ ಕೇಂದ್ರದ ವಾಯು ರಸಾಯನ ವೀಕ್ಷಣಾಲಯ ಮುಖ್ಯ ಕಟ್ಟಡದಿಂದ ಒಂದೂವರೆ ಕಿಲೋಮೀಟರ್ ದಕ್ಷಿಣದಲ್ಲಿದೆ. ನಮ್ಮ ಹಿಮಾದ್ರಿ ಇರುವ, ನಾರ್ವೆಗೆ ಸೇರಿದ ಸ್ವಾಲ್ಬಾರ್ಡ್ ದ್ವೀಪಸಮೂಹದ ನೀ ಓಲೆಸುಂಡ್ ಎಂಬ ಹಳ್ಳಿಯಲ್ಲಿ, ಹಳ್ಳಿಯ ಹೊಗೆಗಿಂತ ಮೇಲಿರಲೆಂದು ಜೆಪ್ಪೆಲಿನ್ ವೀಕ್ಷಣಾಲಯವನ್ನು ಬೆಟ್ಟದ ಮೇಲೆ, ಸಮುದ್ರಮಟ್ಟದಿಂದ ಸುಮಾರು 475 ಮೀಟರ್ ಎತ್ತರದಲ್ಲಿ ಕಟ್ಟಿದ್ದಾರೆ.

ನಿಮ್ಮ ಗುಡಿಸಲಿಗೆ ವಿದ್ಯುತ್ತು ಕೇಬಲಿನಲ್ಲೇ ಬರಬೇಕು. ಪಕ್ಕದಲ್ಲಿ ಸಣ್ಣ ಜನರೇಟರ್ ಇಟ್ಟರೆ ಇಷ್ಟು ದೂರ ಹೋಗಿದ್ದೇ ವ್ಯರ್ಥ. ನಡೆದು ಹೋಗುವ ದೂರದಲ್ಲಿರಲಿ, ದಾರಿಗೆ ಹಗ್ಗ ಕಟ್ಟಿರಲಿ. ಹಿಮಬಿರುಗಾಳಿಯಲ್ಲಿ ಎದುರಿನ ಕೈ ಕಾಣದಿರುವಾಗ ಆ ಹಗ್ಗವೇ ದಾರಿ. ಗಾಳಿ ದಿಕ್ಕಿನ ಮಾಪಕದ ಉತ್ತರವನ್ನು ದಿಕ್ಸೂಚಿಯಿಂದ ಹೊಂದಿಸಬೇಡಿ: ಕಾಂತೀಯ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಧ್ರುವದ ಕಡೆ ಅಂತರ ಬಹಳವಾಗುತ್ತದೆ. ಜಿಪಿಎಸ್‌ನಿಂದ ಎರಡು ಬಿಂದುಗಳನ್ನು ಗುರುತಿಸಿ ರೇಖೆ ಎಳೆದು ಹೊಂದಿಸಿ. ತಿರುಗುವ ಬಟ್ಟಲುಗಳ ಮಾಪಕ ಹಿಮಗಟ್ಟಿ ನಿಂತುಬಿಡುವುದುಂಟು. ಬಿಸಿಮಾಡಿಕೊಳ್ಳುವ ಅಲ್ಟ್ರಾಸಾನಿಕ್ ಮಾಪಕ ಉತ್ತಮ.

ಹಂತ 5: ಗಾಳಿಯನ್ನು ಒಳಗೆ ತರುವ ಕೊಳವೆ

ಅನುಭವವಿಲ್ಲದವರು ಉಪಕರಣಕ್ಕೆ ಲಕ್ಷಗಟ್ಟಲೆ ಖರ್ಚು ಮಾಡಿ ಕೊಳವೆಗೆ ಬಂದಾಗ ಕೈಗೆ ಸಿಕ್ಕಿದ್ದನ್ನು ಹಾಕುತ್ತಾರೆ. ಕಣಗಳಿಗೆ ತುಕ್ಕು ಹಿಡಿಯದ ಉಕ್ಕಿನ ಕೊಳವೆಯೇ ಆಗಬೇಕು. ಧ್ರುವದ ಗಾಳಿ ಬಹಳ ಒಣಗಿರುವುದರಿಂದ ಪ್ಲಾಸ್ಟಿಕ್ ಕೊಳವೆಯ ಗೋಡೆಯಲ್ಲಿ ಸ್ಥಿರವಿದ್ಯುತ್ತು ಹುಟ್ಟಿ, ಕಣಗಳು ಗೋಡೆಗೇ ಅಂಟಿಕೊಂಡು ಉಪಕರಣವನ್ನು ತಲುಪುವುದಿಲ್ಲ. ಓಝೋನಿಗೆ ಇದರ ತದ್ವಿರುದ್ಧ: ಲೋಹದ ಗೋಡೆಯಲ್ಲಿ ಅದು ನಾಶವಾಗುವುದರಿಂದ ಟೆಫ್ಲಾನ್ ಜಾತಿಯ ಕೊಳವೆ ಬೇಕು. ಹೀಗಾಗಿ ಒಂದೇ ಕೊಳವೆಯಲ್ಲಿ ಎಲ್ಲವನ್ನೂ ತರುವ ಆಸೆ ಬಿಡಿ.

ಕೊಳವೆಯ ಬಾಯಿ ನೆಲದಿಂದ 5ರಿಂದ 10 ಮೀಟರ್ ಎತ್ತರದಲ್ಲಿ, ಮೇಲೆ ಟೋಪಿ ಹೊತ್ತು ಕೆಳಮುಖವಾಗಿರಲಿ. ಗಾಳಿ ಸೆಕೆಂಡಿಗೆ ಸುಮಾರು 8 ಮೀಟರ್ ವೇಗ ದಾಟಿದರೆ ನೆಲದ ಒಣಹಿಮ ಎದ್ದು ಹಾರತೊಡಗುತ್ತದೆ. ತಗ್ಗಿನಲ್ಲಿದ್ದ ಬಾಯಿ ಒಂದು ರಾತ್ರಿಯಲ್ಲಿ ಮುಚ್ಚಿಹೋಗುತ್ತದೆ. ಬಾಯಿಯ ಸುತ್ತ ಹಿಮ ಕಟ್ಟದಂತೆ ಸ್ವಲ್ಪವೇ ಬಿಸಿ ಕೊಡಬೇಕು. ಬಿಸಿ ಹೆಚ್ಚಾದರೆ ಕಣಗಳಲ್ಲಿನ ಅಮೋನಿಯಂ ನೈಟ್ರೇಟಿನಂಥ ಪದಾರ್ಥಗಳು ಆವಿಯಾಗಿಬಿಡುತ್ತವೆ. ಬಾಗುಗಳು ಕಡಿಮೆ ಇರಲಿ, ಉದ್ದ ಚಿಕ್ಕದಿರಲಿ: ದೊಡ್ಡ ಕಣಗಳು ಬಾಗಿನಲ್ಲಿ ಗೋಡೆಗೆ ಬಡಿದು ನಿಲ್ಲುತ್ತವೆ, ಅತಿಸಣ್ಣವು ಉದ್ದ ದಾರಿಯಲ್ಲಿ ಅಲೆದಾಡುತ್ತ ಗೋಡೆ ಸೇರುತ್ತವೆ.

ಮೈಸೂರಿನಲ್ಲಿ ತಾಲೀಮು ಮಾಡುವಾಗ ಇಲ್ಲಿ ಒಂದು ತಿರುವುಮುರುವಿದೆ, ಅದನ್ನು ತಿಳಿದಿರಬೇಕು. ಜೂನ್ ತಿಂಗಳಲ್ಲಿ ತೇವ ತುಂಬಿದ ಹೊರಗಾಳಿಯನ್ನು ಏಸಿ ಹಾಕಿದ ಕೋಣೆಯೊಳಕ್ಕೆ ಎಳೆದುಕೊಂಡ ನನ್ನ ಒಂದು ಜೋಡಣೆಯಲ್ಲಿ, ಕೊಳವೆಯ ಒಳಗೋಡೆಯ ಮೇಲೆ ನೀರು ಹನಿಗಟ್ಟಿ ಉಪಕರಣದೊಳಕ್ಕೆ ಇಳಿದು ಎರಡು ವಾರದ ಅಳತೆ ಹಾಳಾಯಿತು. ಕಣ ಎಣಿಸುವ ಯಂತ್ರದ ಬ್ಯೂಟನಾಲಿಗೂ ಇದೇ ತೇವ ಸೇರಿ ಎಣಿಕೆ ಕೆಡುತ್ತದೆ. ಧ್ರುವದಲ್ಲಿ ಹಾಗಾಗುವುದಿಲ್ಲ. ಸೊನ್ನೆಗಿಂತ 30 ಡಿಗ್ರಿ ಕೆಳಗಿನ ಗಾಳಿ ಹೊರಗೆ ಪೂರ್ತಿ ತೇವದಿಂದ ಕೂಡಿದ್ದರೂ, 20 ಡಿಗ್ರಿಯ ಕೋಣೆಗೆ ಬಂದೊಡನೆ ಅದರ ಸಾಪೇಕ್ಷ ಆರ್ದ್ರತೆ ನೂರಕ್ಕೆ ಎರಡಕ್ಕಿಂತ ಕೆಳಗಿಳಿಯುತ್ತದೆ. ಕಣಗಳನ್ನು ನೂರಕ್ಕೆ ನಲವತ್ತಕ್ಕಿಂತ ಕಡಿಮೆ ಆರ್ದ್ರತೆಯಲ್ಲಿ ಅಳೆಯಬೇಕೆಂಬ ಜಾಗತಿಕ ವಾಯುಮಂಡಲ ವೀಕ್ಷಣಾ ಕಾರ್ಯಕ್ರಮದ ಸೂಚನೆ ಅಲ್ಲಿ ತಾನಾಗಿ ಪಾಲನೆಯಾಗುತ್ತದೆ. ಗಾಳಿ ಒಣಗಿಸುವ ಸಾಧನದ ಖರ್ಚು ಉಳಿಯುತ್ತದೆ.

ಹಂತ 6: ಹರಿವು ಮತ್ತು ಸೊನ್ನೆ

ಉಪಕರಣ ಎಷ್ಟು ಗಾಳಿಯನ್ನು ಎಳೆಯಿತು ಎಂಬುದು ತಪ್ಪಾದರೆ ಮುಂದಿನ ಲೆಕ್ಕವೆಲ್ಲ ತಪ್ಪು. ಹೊರಗೆ ಸೊನ್ನೆಗಿಂತ 20 ಡಿಗ್ರಿ ಕೆಳಗಿರುವ ಗಾಳಿ ಕೋಣೆಯ 20 ಡಿಗ್ರಿಗೆ ಬೆಚ್ಚಗಾದಾಗ ಸುಮಾರು ನೂರಕ್ಕೆ ಹದಿನಾರರಷ್ಟು ಹಿಗ್ಗುತ್ತದೆ. ಒಳಗೆ ನಿಮಿಷಕ್ಕೆ 5 ಲೀಟರ್ ಎಂದು ಮಾಪಕ ತೋರಿಸಿದರೆ ಹೊರಗಿನಿಂದ ನಿಜವಾಗಿ ಬಂದದ್ದು 4.3 ಲೀಟರ್. ಒತ್ತಡದ ವ್ಯತ್ಯಾಸವನ್ನೂ ಸೇರಿಸಿಕೊಳ್ಳಿ: ಮೈಸೂರು ಸುಮಾರು 760 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿನ ಗಾಳಿಯ ಒತ್ತಡ 925 ಹೆಕ್ಟೋಪಾಸ್ಕಲ್ ಆಸುಪಾಸಿನಲ್ಲಿರುತ್ತದೆ, ದಕ್ಷಿಣ ಧ್ರುವದ 2,835 ಮೀಟರ್ ಎತ್ತರದಲ್ಲಿ ಅದು 680ರ ಹತ್ತಿರ. ಇಲ್ಲಿ ಹೊಂದಿಸಿದ ಹರಿವನ್ನು ಅಲ್ಲಿ ಮತ್ತೆ ಹೊಂದಿಸಲೇಬೇಕು. ಎಲ್ಲ ಅಂಕಿಗಳನ್ನೂ ಸೊನ್ನೆ ಡಿಗ್ರಿ ಉಷ್ಣತೆ ಮತ್ತು 1013.25 ಹೆಕ್ಟೋಪಾಸ್ಕಲ್ ಒತ್ತಡಕ್ಕೆ ಪರಿವರ್ತಿಸಿ, ಹಾಗೆ ಮಾಡಿದ್ದೇವೆಂದು ಕಡತದ ತಲೆಬರಹದಲ್ಲೇ ಬರೆಯಿರಿ. ತಿಂಗಳಿಗೊಮ್ಮೆ ಬೇರೆಯದೇ ಹರಿವುಮಾಪಕವನ್ನು ಕೊಳವೆಯ ಬಾಯಿಗೆ ಜೋಡಿಸಿ ಸರಿನೋಡಿ.

ಸೊನ್ನೆಯ ಪರೀಕ್ಷೆ ವಾರಕ್ಕೊಮ್ಮೆ. ಹೊರಗಿನ ಬಾಯಿಗೆ ಕಣಗಳನ್ನು ತಡೆಯುವ ಹೆಪಾ ಫಿಲ್ಟರ್ ಹಾಕಿ ಹತ್ತು ನಿಮಿಷ ಕಾಯಿರಿ. ಕಣಗಳ ಎಣಿಕೆ ಸೊನ್ನೆಗೆ ಇಳಿಯಬೇಕು. ಇಳಿಯದಿದ್ದರೆ ಎಲ್ಲೋ ಸೋರಿಕೆಯಿದೆ, ಅಂದರೆ ಇಷ್ಟು ದಿನ ನೀವು ಕೋಣೆಯ ಗಾಳಿಯನ್ನೂ ಸೇರಿಸಿ ಅಳೆದಿದ್ದೀರಿ. ಓಝೋನ್ ಮಾಪಕಕ್ಕೆ ಇದ್ದಿಲಿನ ಶೋಧಕವನ್ನು ಹಾಕಿ ಇದೇ ಪರೀಕ್ಷೆ ಮಾಡಿ. ಕಣ ಎಣಿಸುವ ಯಂತ್ರದಿಂದ ಹೊರಬರುವ ಬ್ಯೂಟನಾಲಿನ ಆವಿಯನ್ನು ಗುಡಿಸಲಿನೊಳಗೆ ಬಿಡಬಾರದು. ಕೊಳವೆಯ ಮೂಲಕ ಗಾಳಿ ಹೋಗುವ ಕಡೆಗೆ ಹೊರಹಾಕಿ.

ಸೊನ್ನೆಯ ಹತ್ತಿರದ ಅಳತೆಯಲ್ಲಿ ಒಂದು ಪ್ರಲೋಭನೆಯಿದೆ. ಕಪ್ಪು ಇಂಗಾಲವನ್ನು ಏಥಲೋಮೀಟರ್ ಅಳೆಯುವುದು ಫಿಲ್ಟರ್ ಟೇಪಿನ ಮೇಲೆ ಮಸಿ ಕೂತಂತೆ 880 ನ್ಯಾನೋಮೀಟರ್ ತರಂಗಾಂತರದ ಬೆಳಕು ಎಷ್ಟು ಕುಗ್ಗಿತು ಎಂಬುದರಿಂದ. ಮಸಿಯೇ ಇಲ್ಲದಷ್ಟು ಶುದ್ಧವಾದ ಗಾಳಿಯಲ್ಲಿ ಉಪಕರಣದ ಸ್ವಂತ ನಡುಕದಿಂದಾಗಿ ಕೆಲವು ಅಂಕಿಗಳು ಋಣಾತ್ಮಕವಾಗಿ ಬರುತ್ತವೆ. ಮಸಿ ಸೊನ್ನೆಗಿಂತ ಕಡಿಮೆ ಇರಲು ಹೇಗೆ ಸಾಧ್ಯ ಎಂದು ಅವನ್ನು ಅಳಿಸಿಹಾಕುವವರಿದ್ದಾರೆ. ಆರು ಅಂಕಿಗಳು ಬಂದವೆನ್ನಿ: 8, -3, 5, -6, 11, 3. ಇವುಗಳ ಸರಾಸರಿ 3. ಋಣಾತ್ಮಕವಾದ ಎರಡನ್ನು ಅಳಿಸಿದರೆ ಸರಾಸರಿ 6.75 ಆಗುತ್ತದೆ. ಎರಡು ಅಂಕಿಗಳನ್ನು ಅಳಿಸಿದ್ದಕ್ಕೆ ಅಂಟಾರ್ಕ್ಟಿಕದ ಮಸಿ ಎರಡು ಪಟ್ಟಿಗಿಂತ ಹೆಚ್ಚಾಯಿತು. ಆದ್ದರಿಂದ ಒಂದನ್ನೂ ಅಳಿಸದೆ, ನಿಮಿಷದ ಅಂಕಿಗಳನ್ನು ಗಂಟೆಗೋ ಆರು ಗಂಟೆಗೋ ಸರಾಸರಿ ಮಾಡಿ.

ಹಂತ 7: ನಮ್ಮ ಹೊಗೆಯನ್ನು ಬೇರ್ಪಡಿಸುವುದು

ಇಲ್ಲಿ ನಾಲ್ಕು ಜರಡಿಗಳನ್ನು ಒಂದರ ಮೇಲೊಂದು ಹಿಡಿಯಬೇಕು. ಗಾಳಿ ಕೇಂದ್ರದ ದಿಕ್ಕಿನಿಂದ ಬಂದ ಹೊತ್ತಿನ ಅಂಕಿಗಳಿಗೆಲ್ಲ ಕಲುಷಿತವೆಂದು ಗುರುತು ಹಾಕಿ. ಕಟ್ಟಡದ ಅಂಚಿನಿಂದ ಎರಡೂ ಪಕ್ಕಕ್ಕೆ ಹತ್ತು ಹದಿನೈದು ಡಿಗ್ರಿ ಹೆಚ್ಚಾಗಿಯೇ ಸೇರಿಸಿಕೊಳ್ಳಿ, ಏಕೆಂದರೆ ಹೊಗೆ ಹೋಗುತ್ತ ಹರಡುತ್ತದೆ. ಗಾಳಿಯ ವೇಗ ಸೆಕೆಂಡಿಗೆ ಒಂದೆರಡು ಮೀಟರಿಗಿಂತ ಕಡಿಮೆಯಾದಾಗ ದಿಕ್ಕಿನ ಮಾತನ್ನು ನಂಬಲಾಗದು, ಹೊಗೆ ಎತ್ತ ಬೇಕಾದರೂ ಸುಳಿಯುತ್ತದೆ. ಆ ಹೊತ್ತಿಗೂ ಗುರುತು ಹಾಕಿ. ಮಂಡ್ಯದ ಬಯಲಿನಲ್ಲಿ ಕಂಡ ಆ ಕಂಪನ ಕಣಗಳ ಎಣಿಕೆಯಲ್ಲಿ ಕಂಡರೆ, ದಿಕ್ಕು ಸರಿಯಿದ್ದರೂ ಗುರುತು ಹಾಕಿ. ನಾಲ್ಕನೆಯದು ಲಾಗ್ ಪುಸ್ತಕ. ಹಿಮವಾಹನ ಎಷ್ಟು ಹೊತ್ತಿಗೆ ಹೊರಟಿತು, ಹೆಲಿಕಾಪ್ಟರ್ ಯಾವ ಕಡೆಯಿಂದ ಇಳಿಯಿತು, ಹಡಗು ಎಲ್ಲಿ ನಿಂತಿದೆ ಎಂಬುದನ್ನು ಕೇಂದ್ರದ ಎಲ್ಲರಿಂದ ಕೇಳಿ ಬರೆದಿಡಿ. ಈ ಪುಸ್ತಕದ ಮಹತ್ವವನ್ನು ಮೊದಲ ದಿನವೇ ಅಡುಗೆಯವರಿಗೂ ವಾಹನ ನಡೆಸುವವರಿಗೂ ವಿವರಿಸಿ. ಅವರ ಸಹಕಾರವಿಲ್ಲದೆ ಈ ಕೆಲಸ ನಡೆಯದು.

ಗುರುತು ಹಾಕುವುದೆಂದರೆ ಅಳಿಸುವುದಲ್ಲ. ಮೂಲ ಅಂಕಿ ಹಾಗೆಯೇ ಉಳಿಯಬೇಕು, ಗುರುತು ಪಕ್ಕದ ಕಾಲಮ್ಮಿನಲ್ಲಿರಬೇಕು. ನಾಳೆ ಇನ್ನೊಬ್ಬರು ಇನ್ನೂ ಉತ್ತಮವಾದ ಜರಡಿಯನ್ನು ಕಂಡುಹಿಡಿದರೆ ಅವರಿಗೆ ಮೂಲವೇ ಬೇಕಾಗುತ್ತದೆ.

ಇಲ್ಲಿ ಓಝೋನಿನ ವಿಷಯವನ್ನು ಬೇರೆಯಾಗಿ ಹೇಳಬೇಕು. ಧ್ರುವದ ವಸಂತಕಾಲದಲ್ಲಿ ಸೂರ್ಯ ಮತ್ತೆ ಕಾಣಿಸಿಕೊಂಡ ಮೇಲೆ, ಕರಾವಳಿಯ ಕೇಂದ್ರಗಳಲ್ಲಿ ನೆಲಮಟ್ಟದ ಓಝೋನ್ ಕೆಲವೇ ಗಂಟೆಗಳಲ್ಲಿ ಸೊನ್ನೆಯ ಹತ್ತಿರಕ್ಕೆ ಕುಸಿಯುವುದುಂಟು. ಸಮುದ್ರದ ಮಂಜುಗಡ್ಡೆಯ ಉಪ್ಪಿನಿಂದ ಬಿಡುಗಡೆಯಾದ ಬ್ರೋಮಿನ್ ಅದನ್ನು ತಿಂದುಹಾಕುತ್ತದೆ. ಇದನ್ನು ಕಂಡ ಹೊಸಬರು ಉಪಕರಣ ಕೆಟ್ಟಿತೆಂದು ಬಿಚ್ಚಲು ಕೂರುತ್ತಾರೆ, ಅಪರೂಪದ ಅಳತೆಯೊಂದು ಕೈತಪ್ಪುತ್ತದೆ. ಜನರೇಟರಿನ ನೈಟ್ರಿಕ್ ಆಕ್ಸೈಡ್ ಸಹ ಓಝೋನನ್ನು ಇಳಿಸುತ್ತದೆ, ಆದರೆ ಅದು ಒಂಟಿಯಾಗಿ ಬರುವುದಿಲ್ಲ. ಓಝೋನ್ ಇಳಿದ ಹೊತ್ತಿನಲ್ಲೇ ಕಣಗಳ ಎಣಿಕೆಯೂ ಮಸಿಯೂ ಜಿಗಿದಿದ್ದರೆ ಅದು ನಮ್ಮ ಹೊಗೆ. ಅವೆರಡೂ ಶಾಂತವಾಗಿದ್ದು ಓಝೋನ್ ಮಾತ್ರ ಇಳಿದಿದ್ದರೆ ಅದು ಸಮುದ್ರದ ಕಡೆಯಿಂದ ಬಂದ ಗಾಳಿ. ಉಪಕರಣವನ್ನು ಮುಟ್ಟದೆ ಓಡಲು ಬಿಡಿ.

ಹಂತ 8: ಫಿಲ್ಟರುಗಳು

ವಾರವಿಡೀ ಗಾಳಿಯನ್ನು ಹಾಯಿಸಿದರೂ ಧ್ರುವದ ಫಿಲ್ಟರ್ ಕಣ್ಣಿಗೆ ಬಿಳಿಯಾಗಿಯೇ ಇರುತ್ತದೆ. ಅದರ ಮೇಲೆ ಕೂತ ವಸ್ತುವಿಗಿಂತ ನಿಮ್ಮ ಕೈಗವಸಿನ ಪುಡಿ, ಟೋಪಿಯ ಉಣ್ಣೆ ಹೆಚ್ಚು ತೂಗಬಹುದು. ಪುಡಿಯಿಲ್ಲದ ಕೈಗವಸು ಹಾಕಿ, ಗಾಳಿ ಹೋಗುವ ಪಕ್ಕದಲ್ಲಿ ನಿಂತು ಬದಲಿಸಿ. ಹತ್ತಕ್ಕೊಂದರಂತೆ ಖಾಲಿ ಫಿಲ್ಟರೊಂದನ್ನು ಸಂಗ್ರಾಹಕದಲ್ಲಿಟ್ಟು, ಪಂಪು ಚಾಲೂ ಮಾಡದೆ, ಹಾಗೆಯೇ ತೆಗೆದು ಉಳಿದವುಗಳ ಜೊತೆಯಲ್ಲೇ ಇಡಿ. ಅದರ ಮೇಲೆ ಸಿಕ್ಕಿದ್ದೆಲ್ಲ ನಮ್ಮ ಕೈಯಿಂದ ಸೇರಿದ್ದು, ಅಷ್ಟನ್ನು ಉಳಿದವುಗಳಿಂದ ಕಳೆಯಬೇಕು. ಗಾಳಿ ಕೇಂದ್ರದ ಕಡೆಯಿಂದ ಬಂದಾಗ ಪಂಪು ತಾನಾಗಿ ನಿಲ್ಲುವಂತೆ ದಿಕ್ಕಿನ ಮಾಪಕಕ್ಕೆ ಜೋಡಿಸಬಹುದು. ಫಿಲ್ಟರುಗಳು ಹಡಗಿನಲ್ಲಿ ಸಮಭಾಜಕ ವೃತ್ತವನ್ನು ದಾಟಿ ಭಾರತಕ್ಕೆ ಬರುವಾಗ ಫ್ರೀಜರಿನಲ್ಲೇ ಇರಬೇಕು.

ಹಂತ 9: ಕೇಂದ್ರದ ಒಳಗಿನ ಗಾಳಿ

ಹೊರಗಾಳಿಯ ಅಳತೆ ತಪ್ಪಿದರೆ ವಿಜ್ಞಾನಕ್ಕೆ ನಷ್ಟ. ಒಳಗಾಳಿಯ ಅಳತೆ ತಪ್ಪಿದರೆ ಪ್ರಾಣಕ್ಕೆ. 1934ರ ಚಳಿಗಾಲದಲ್ಲಿ ಅಮೆರಿಕದ ರಿಚರ್ಡ್ ಬರ್ಡ್ ಅಂಟಾರ್ಕ್ಟಿಕದ ಹಿಮದಲ್ಲಿ ಹೂತ ಗುಡಿಸಲಿನಲ್ಲಿ ಒಂಟಿಯಾಗಿ ಹವಾಮಾನ ಅಳೆಯುತ್ತಿದ್ದಾಗ, ಸರಿಯಾಗಿ ಹೊಗೆ ಹೋಗದ ಒಲೆ ಮತ್ತು ಎಂಜಿನಿನ ಇಂಗಾಲದ ಮಾನಾಕ್ಸೈಡಿನಿಂದ ಸಾವಿನ ಅಂಚಿಗೆ ಹೋಗಿದ್ದರು. ಇಂದಿನ ಕಟ್ಟಡಗಳು ಎಷ್ಟೋ ಸುರಕ್ಷಿತವಾದರೂ ಬಿರುಗಾಳಿಯ ಹಿಮ ಹೊಗೆಕೊಳವೆಯನ್ನು ಮುಚ್ಚುವ ಅಪಾಯ ಹಾಗೆಯೇ ಇದೆ. ಮಲಗುವ ಕೋಣೆ, ಅಡುಗೆಮನೆ, ಜನರೇಟರ್ ಕೋಣೆ, ಗ್ಯಾರೇಜು ಇವುಗಳಲ್ಲಿ ಸದ್ದು ಮಾಡುವ ಮಾನಾಕ್ಸೈಡ್ ಎಚ್ಚರಿಕೆ ಸಾಧನಗಳಿರಲಿ, ತಿಂಗಳಿಗೊಮ್ಮೆ ಪರೀಕ್ಷೆಯಾಗಲಿ, ಪ್ರತಿ ಬಿರುಗಾಳಿಯ ನಂತರ ಹೊಗೆಕೊಳವೆಗಳ ಬಾಯಿಯನ್ನು ಒಬ್ಬರು ಹೊರಗೆ ಹೋಗಿ ಕಣ್ಣಾರೆ ನೋಡಲಿ. ಜನ ಸೇರುವ ಕೋಣೆಯಲ್ಲಿ ಇಂಗಾಲದ ಡೈಆಕ್ಸೈಡ್ ಮಾಪಕ ಸಾವಿರ ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ ಸಾವಿರ ಪಾಲು) ದಾಟಿದರೆ ಹೊಸಗಾಳಿ ಸಾಲುತ್ತಿಲ್ಲವೆಂದು ತಿಳಿಯಿರಿ. ಒಗ್ಗರಣೆಯ ಹೊಗೆಗೆ ಪಿಎಂ ಸೆನ್ಸರ್ ಹೇಗೆ ಸ್ಪಂದಿಸುತ್ತದೆ ಎಂಬುದನ್ನು ನಮ್ಮ ಮನೆಯ ಅಡುಗೆಮನೆಯಲ್ಲೇ ನೋಡಿಕೊಂಡು ಹೋಗಬಹುದು. ಅಲ್ಲಿನ ಅಡುಗೆಯೂ ನಮ್ಮದೇ.

ಹಂತ 10: ಸಮಯ, ಕಡತ, ಹಸ್ತಾಂತರ

ಎಲ್ಲ ಗಡಿಯಾರಗಳೂ ಯುಟಿಸಿ ಎಂಬ ಜಾಗತಿಕ ಪ್ರಮಾಣಿತ ಸಮಯದಲ್ಲಿರಲಿ, ಜಿಪಿಎಸ್‌ನಿಂದ ಹೊಂದಿಕೊಳ್ಳಲಿ. ಮೈಸೂರಿನ ಮಧ್ಯಾಹ್ನ ಹನ್ನೆರಡು ಗಂಟೆ ಯುಟಿಸಿಯಲ್ಲಿ ಬೆಳಗಿನ ಆರೂವರೆ. ಒಮ್ಮೆ ತಾಲೀಮಿನಲ್ಲಿ ಕಣಮಾಪಕ ಭಾರತೀಯ ಸಮಯದಲ್ಲೂ ಗಾಳಿಮಾಪಕ ಯುಟಿಸಿಯಲ್ಲೂ ಓಡುತ್ತಿದ್ದುದನ್ನು ನಾವು ಗಮನಿಸದೆ, ಐದೂವರೆ ಗಂಟೆ ನಂತರದ ಗಾಳಿಯ ದಿಕ್ಕಿಗೆ ಈಗಿನ ಹೊಗೆಯನ್ನು ಜೋಡಿಸಿ ಹೊಗೆಯಿಲ್ಲದ ಕಡೆ ಹೊಗೆಯನ್ನು ಹುಡುಕಿದ್ದೆವು. ಅಂದಿನಿಂದ ಪ್ರತಿಯೊಂದು ಉಪಕರಣದ ಮೇಲೆ ‘ಯುಟಿಸಿ’ ಎಂದು ಬರೆದ ಚೀಟಿಯನ್ನು ಅಂಟಿಸುತ್ತೇನೆ.

ಕಡತಗಳು ದಿನವೂ ಎರಡು ಬೇರೆ ಬೇರೆ ಡಿಸ್ಕುಗಳಿಗೆ, ಬೇರೆ ಬೇರೆ ಕಟ್ಟಡಗಳಿಗೆ ಹೋಗಲಿ. ವರ್ಷದ ಕೊನೆಯಲ್ಲಿ ಪರಿಶೀಲನೆ ಮುಗಿದ ಕಣಗಳ ಅಂಕಿಗಳನ್ನು ನಾರ್ವೆಯಲ್ಲಿರುವ ಜಾಗತಿಕ ಏರೋಸಾಲ್ ದತ್ತಾಂಶ ಕೇಂದ್ರಕ್ಕೂ, ಹಸಿರುಮನೆ ಅನಿಲಗಳನ್ನು ಅಳೆದಿದ್ದರೆ ಅವನ್ನು ಜಪಾನಿನಲ್ಲಿರುವ ಕೇಂದ್ರಕ್ಕೂ ಕಳುಹಿಸುವ ಏರ್ಪಾಡು ಮೊದಲೇ ಆಗಿರಲಿ.

ಬೇಸಿಗೆಯಲ್ಲಿ ಹೊಸ ತಂಡ ಬಂದಾಗ ಕನಿಷ್ಠ ಒಂದು ವಾರ ಇಬ್ಬರೂ ಜೊತೆಗೆ ಕೆಲಸ ಮಾಡಬೇಕು. ಹೊಸ ಉಪಕರಣ ಬಂದಿದ್ದರೆ ಹಳೆಯದರ ಪಕ್ಕದಲ್ಲೇ ಅದೇ ಕೊಳವೆಯಿಂದ ಎರಡನ್ನೂ ಓಡಿಸಿ, ನಡುವಿನ ವ್ಯತ್ಯಾಸವನ್ನು ಬರೆದಿಡಬೇಕು; ಇಲ್ಲದಿದ್ದರೆ ಉಪಕರಣ ಬದಲಾದದ್ದನ್ನು ಮುಂದೆ ಯಾರಾದರೂ ಗಾಳಿ ಬದಲಾಯಿತೆಂದು ಓದುತ್ತಾರೆ. ಲಾಗ್ ಪುಸ್ತಕವನ್ನು ಪುಟ ಪುಟವಾಗಿ ಕೂತು ಓದಿಸಿ. ಕೊನೆಗೆ ಹೊಸಬರು ತಾವೇ ಏಣಿ ಹತ್ತಿ ಕೊಳವೆಯ ಬಾಯಿಗೆ ಹೆಪಾ ಫಿಲ್ಟರ್ ಹಾಕಿ, ಕೆಳಗಿಳಿದು ಬಂದು ಎಣಿಕೆ ಸೊನ್ನೆಗೆ ಇಳಿದದ್ದನ್ನು ನೋಡಿ, ಆ ಸೊನ್ನೆಯನ್ನೂ ಯುಟಿಸಿ ಸಮಯವನ್ನೂ ತಮ್ಮ ಕೈಯಿಂದಲೇ ಪೆನ್ಸಿಲಿನಲ್ಲಿ ಬರೆದ ಮೇಲೆ ಹಳಬರು ಹಡಗು ಹತ್ತಬಹುದು.